ನಮ್ಮ ಬಾಲಿಕೆಯರೂ ಆಟದ ಪರದೆಯೂ



ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ವಿಡಿಯೊ ಆಟದಲ್ಲಿ ಹೊತ್ತು ಕಳೆಯುವರೆಂಬ ದೂರು ಹೆತ್ತವರ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಈ ದೂರಿನಲ್ಲಿ ಸತ್ಯಾಂಶವಿದೆಯೆಂಬುದನ್ನು ಯಾರು ತಾನೇ ಅಲ್ಲಗಳೆಯುವರು? ರಾತ್ರಿ ನಿದ್ರೆಗೆಟ್ಟು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಬಾಲಿಕೆಯನ್ನು ನೋಡದ ಉಪಾಧ್ಯಾಯಿನಿಯು ಇಂದು ಇರಲಾರಳು. ಹೀಗಿರುವಲ್ಲಿ, ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಕೆಲವು ಬಾಲಿಕೆಯರು ಶನಿವಾರದ ಮಧ್ಯಾಹ್ನ ಒಂದು ತಾಸು ಆಟದ ಕಡತಗಳನ್ನು ತಿದ್ದಲು ಕಲಿಯುತ್ತಿರುವರೆಂಬ ಸುದ್ದಿಯು ಹಬ್ಬಿದಾಗ, ಶಾಲೆಯೇ ಮಕ್ಕಳಿಗೆ ಆಟದ ಚಟ ಹತ್ತಿಸುತ್ತಿದೆಯೋ ಎಂದು ಹೆತ್ತವರಲ್ಲಿ ಕೆಲವರು ಕಳವಳಪಟ್ಟುದು ಆಶ್ಚರ್ಯವಲ್ಲ. ಆ ಕಳವಳಕ್ಕೆ ಸಮಾಧಾನ ಹೇಳುವುದೂ, ಈ ಒಂದು ತಾಸನ್ನು ಶಾಲೆಯ ಕ್ರಮದಲ್ಲಿ ಸ್ಥಿರಪಡಿಸತಕ್ಕದ್ದೆಂಬ ನನ್ನ ಅಭಿಪ್ರಾಯವನ್ನು ಕಾರಣಸಹಿತವಾಗಿ ತಮ್ಮ ಮುಂದಿಡುವುದೂ ಈ ಲೇಖನದ ಉದ್ದೇಶವಾಗಿದೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಆಟವನ್ನು ಆಡುವುದು ಒಂದು. ಆಟದ ಪರದೆಯ ಹಿಂದಿರುವ ಕಡತಗಳನ್ನು ಬಿಚ್ಚಿ ಓದಿ, ತನಗೂ ತನ್ನ ಗೆಳತಿಗೂ ಒಪ್ಪುವಂತೆ ಕೈಯಾರೆ ತಿದ್ದಿಕೊಳ್ಳುವುದು ಇನ್ನೊಂದು. ಇವೆರಡಕ್ಕೂ ಇರುವ ಅಂತರವು ಹೋಟೆಲಿನಲ್ಲಿ ಉಣ್ಣುವುದಕ್ಕೂ ಅಡಿಗೆ ಕಲಿಯುವುದಕ್ಕೂ ಇರುವ ಅಂತರದಷ್ಟಿದೆ. ಉಡುಪಿಯವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಆಟದ ಪರದೆಯ ಮೇಲೆ ಮರ, ಗುಡ್ಡ, ನೀರು, ಮನೆ ಮುಂತಾದವು ಕಾಣುವುವಷ್ಟೆ. ಇವು ಆಟದ ಲೋಕದೊಳಗಿನ ವಸ್ತುಗಳು. ಇವುಗಳ ಮೇಲೆ, ಕಿಟಕಿಯ ಗಾಜಿನ ಮೇಲೆ ಬರೆದಂತೆ, ಇನ್ನು ಕೆಲವು ಗುರುತುಗಳಿರುವುವು: ಆಟಗಾರ್ತಿಯ ಬಲವೆಷ್ಟು ಉಳಿದಿದೆಯೆಂದು ತಿಳಿಸುವ ಸಣ್ಣ ಹೃದಯಗಳ ಸಾಲು, ಕೈಯಲ್ಲಿರುವ ಸಾಮಾನುಗಳ ಚೌಕಗಳು, ನಡುವೆ ಗುರಿ ತೋರಿಸುವ ಕೂಡುಗೆರೆ, ಮತ್ತು ಸೂಚನೆಯ ಮಾತುಗಳು. ಅನೇಕ ಆಟಗಳಲ್ಲಿ ಈ ಗುರುತುಗಳ ಸ್ಥಾನ, ಅಳತೆ, ಬಣ್ಣ ಮತ್ತು ಮಾತುಗಳು ಸಾದಾ ಅಕ್ಷರಗಳ ಕಡತಗಳಲ್ಲಿ ಬರೆದಿಡಲ್ಪಟ್ಟಿರುತ್ತವೆ. 2004ನೇ ಇಸವಿಯಲ್ಲಿ ಹೊರಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿಯೂ, 2007ನೇ ಇಸವಿಯ ಟೀಮ್ ಫೋರ್ಟ್ರೆಸ್ 2 ಎಂಬುದರಲ್ಲಿಯೂ ಆಟಗಾರರು ಇಂತಹ ಕಡತಗಳನ್ನು ತಿದ್ದಿ ತಮ್ಮ ತಮ್ಮ ಪರದೆಯನ್ನು ತಮಗೆ ಬೇಕಾದಂತೆ ಮಾಡಿಕೊಂಡಿದ್ದಾರೆ. ಲೋಕದ ನಾನಾ ಭಾಗಗಳಲ್ಲಿ ಅನೇಕರು ಗಣಕದ ಭಾಷೆಯ ಮೊದಲ ಪಾಠವನ್ನು ಕಲಿತುದು ಈ ಮಾರ್ಗದಿಂದಲೇ.

ಆದರೆ ಯುದ್ಧದ ಆಟಗಳನ್ನು ನಮ್ಮ ಬಾಲಿಕೆಯರ ಮುಂದಿಡಲು ನನಗೆ ಮನಸ್ಸಿಲ್ಲ. ಅದರ ಅವಶ್ಯಕತೆಯೂ ಇಲ್ಲ. ಫಿನ್ಲೆಂಡ್ ದೇಶದ ಪೆರ್ಟು ಅಹೋಲ ಎಂಬವರು 2010ರಲ್ಲಿ ಆರಂಭಿಸಿದ, ಮೊದಲು ಮೈನ್‌ಟೆಸ್ಟ್ ಎಂದೂ 2024ರಿಂದ ಲುವಾಂಟಿ ಎಂದೂ ಕರೆಯಲ್ಪಡುವ ಒಂದು ಸಾಧನವಿದೆ. ಇದರಲ್ಲಿ ಮಣ್ಣು, ಕಲ್ಲು, ಮರ ಮುಂತಾದವುಗಳ ಘನಗಳನ್ನು ಜೋಡಿಸಿ ಮನೆ, ಸೇತುವೆ, ತೋಟಗಳನ್ನು ಕಟ್ಟಬಹುದು. ಇದಕ್ಕೆ ಬೆಲೆಯಿಲ್ಲ, ಹಳೆಯ ಯಂತ್ರಗಳಲ್ಲಿಯೂ ನಡೆಯುತ್ತದೆ, ಇದರ ಒಳಗನ್ನು ಯಾರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಕೊಡಬಹುದು ಎಂದು ಅದರ ಪರವಾನಿಗೆಯಲ್ಲಿಯೇ ಹೇಳಿದೆ. ಆದುದರಿಂದ ಪರರ ಸೊತ್ತನ್ನು ಅಪ್ಪಣೆಯಿಲ್ಲದೆ ಮುಟ್ಟಿದೆವೆಂಬ ಅಂಜಿಕೆ ಬೇಕಿಲ್ಲ. ಅದನ್ನು ತಿದ್ದುವ ಭಾಷೆಯ ಹೆಸರು ಲುವಾ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಕೆಥೋಲಿಕ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆಯ ಹೆಸರಿಗೆ ಪೋರ್ತುಗೀಜ್ ನುಡಿಯಲ್ಲಿ ಚಂದ್ರನೆಂದು ಅರ್ಥ.

ಬಾಲಿಕೆಯು ಮೊದಲನೆಯ ದಿನ ಮಾಡುವ ಕೆಲಸವು ಅತ್ಯಲ್ಪವಾದುದು. ಸಂಯೋಜನೆಯ ಕಡತವೊಂದರಲ್ಲಿ ಅಕ್ಷರದ ಗಾತ್ರವನ್ನು ಸೂಚಿಸುವ ಸಾಲಿನಲ್ಲಿ 16 ಎಂದಿರುವುದನ್ನು 24 ಎಂದು ಬದಲಿಸಿ, ಆಟವನ್ನು ಪುನಃ ತೆರೆದು ನೋಡುವಳು. ಅಕ್ಷರಗಳು ದೊಡ್ಡದಾಗಿರುವುವು. ಎರಡನೆಯ ವಾರ ಗುರಿಗೆರೆಯ ಬಣ್ಣವನ್ನು ತಿದ್ದುವಳು. ಕೆಂಪು, ಹಸುರು, ನೀಲಿಗಳಿಗೆ 0ಯಿಂದ 255ರ ವರೆಗಿನ ಮೂರು ಸಂಖ್ಯೆಗಳನ್ನು ಕೊಟ್ಟರೆ ಬೇಕಾದ ಬಣ್ಣವು ಸಿದ್ಧವಾಗುವುದೆಂದು ಆಗ ತಿಳಿಯುವುದು. ಅನಂತರ ಪರದೆಯ ಮೇಲೆ ತನ್ನದೇ ಒಂದು ಗುರುತನ್ನು ಇಡಲು ಕಲಿಯುವಳು. ಪರದೆಯ ಎಡ ಅಂಚು 0, ಬಲ ಅಂಚು 1. ಮೇಲಿನ ಅಂಚು 0, ಕೆಳಗಿನ ಅಂಚು 1. ಹಾಗಾದರೆ ಅಡ್ಡಕ್ಕೆ 0.5, ಉದ್ದಕ್ಕೆ 1 ಎಂದು ಬರೆದರೆ ಗುರುತು ಎಲ್ಲಿ ನಿಲ್ಲುವುದು? ಕೆಳ ಅಂಚಿನ ನಟ್ಟನಡುವೆ. ನಕ್ಷೆಯ ಕಾಗದದ ಮೇಲೆ ಬಿಂದುಗಳನ್ನು ಗುರುತಿಸುವ ಲೆಕ್ಕಕ್ಕೂ ಇದಕ್ಕೂ ಭೇದವಿಲ್ಲ. ಭೇದವೆಂದರೆ, ಅಲ್ಲಿ ಆ ಬಿಂದು ಯಾರಿಗೆ ಬೇಕೆಂದು ಕೇಳುವ ಬಾಲಿಕೆಯು ಇಲ್ಲಿ ಕೇಳುವುದಿಲ್ಲ.

ತಪ್ಪುಗಳೂ ಆಗುವುವು. ಒಂದು ಆವರಣಚಿಹ್ನೆಯನ್ನು ಮುಚ್ಚಲು ಮರೆತರೆ ಆಟದ ಲೋಕವೇ ತೆರೆಯದು. ಆಗ ಯಂತ್ರವು ಇಂತಹ ಕಡತದ ಇಂತಿಷ್ಟನೆಯ ಸಾಲಿನಲ್ಲಿ ತೊಡಕಿದೆಯೆಂದು ತಿಳಿಸಿ ಸುಮ್ಮನಾಗುವುದು. ಅದು ಗದರಿಸುವುದಿಲ್ಲ, ಅಂಕ ಕಳೆಯುವುದಿಲ್ಲ, ಬೇರೆಯವರ ಮುಂದೆ ನಾಚಿಸುವುದೂ ಇಲ್ಲ. ತರಗತಿಯಲ್ಲಿ ತಪ್ಪಾದೀತೆಂಬ ಭಯದಿಂದ ಬಾಯಿ ತೆರೆಯದ ಬಾಲಿಕೆಯರು ಇಲ್ಲಿ ಆ ಸಾಲನ್ನು ಹುಡುಕಿ, ಗೆಳತಿಯೊಡನೆ ಚರ್ಚಿಸಿ, ನಾಲ್ಕಾರು ಸಲ ತಿದ್ದಿ ಕೊನೆಗೆ ಗೆಲ್ಲುವುದನ್ನು ಕಂಡು ನಮ್ಮ ಉಪಾಧ್ಯಾಯಿನಿಯರು ಸಂತೋಷಪಟ್ಟಿದ್ದಾರೆ. ತಿದ್ದುವುದಕ್ಕೆ ಮುಂಚೆ ಮೂಲ ಕಡತದ ಪ್ರತಿಯೊಂದನ್ನು ಬೇರೆ ಇಟ್ಟುಕೊಳ್ಳತಕ್ಕದ್ದೆಂಬ ಒಂದೇ ನಿಯಮವನ್ನು ನಾವು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಹಿಂದಿರುಗುವ ದಾರಿಯನ್ನು ಉಳಿಸಿಕೊಂಡವಳಿಗೆ ಮುಂದಕ್ಕೆ ಹೋಗಲು ಧೈರ್ಯ ಬರುತ್ತದೆ.

ಇದರಿಂದ ಪ್ರಯೋಜನವೇನೆಂದು ಕೇಳುವಿರಿ. ನಮ್ಮ ಮಿಶನ್ ಶಾಲೆಗಳ ಹೊಲಿಗೆಯ ಪಾಠವನ್ನು ಹಳೆ ವಿದ್ಯಾರ್ಥಿನಿಯರು ನೆನಪಿಗೆ ತಂದುಕೊಳ್ಳಬೇಕು. ಎಲ್ಲರೂ ದರ್ಜಿಗಳಾಗಲಿಲ್ಲ. ಆದರೆ ಒಂದು ರವಿಕೆಯನ್ನು ಬಿಚ್ಚಿ, ಅಳತೆ ತೆಗೆದು, ಪುನಃ ಹೊಲಿದವಳು ಅಂಗಡಿಯಲ್ಲಿ ಬಟ್ಟೆಯನ್ನು ಕೈಗೆತ್ತಿಕೊಂಡಾಗ ಬೇರೊಂದು ಕಣ್ಣಿನಿಂದ ನೋಡುತ್ತಾಳೆ. ಎಲ್ಲಿ ಹೊಲಿಗೆ ಸಡಿಲ, ಎಲ್ಲಿ ಬಟ್ಟೆಯನ್ನು ಉಳಿಸಿದ್ದಾರೆ, ಯಾವ ಅಲಂಕಾರವು ದೋಷವನ್ನು ಮುಚ್ಚಲು ಇಡಲ್ಪಟ್ಟಿದೆ ಎಂಬುದು ಅವಳಿಗೆ ಕಾಣುತ್ತದೆ. ಪರದೆಯ ವಿಷಯದಲ್ಲಿಯೂ ಹಾಗೆಯೇ. ಪರದೆಯ ಮೇಲಿರುವುದೆಲ್ಲ ಮಳೆ ಬಿಸಿಲುಗಳಂತೆ ತಾನಾಗಿ ಬಂದುದೆಂದು ಮಕ್ಕಳು ಮಾತ್ರವಲ್ಲ, ದೊಡ್ಡವರೂ ನಂಬಿರುತ್ತಾರೆ. ಕೆಂಪು ಚುಕ್ಕೆಯೊಂದು ಮಿನುಗಿದರೆ ಒತ್ತುತ್ತಾರೆ. ಇನ್ನು ಹತ್ತೇ ನಿಮಿಷ ಉಳಿದಿದೆಯೆಂದು ಗಡಿಯಾರವು ತೋರಿದರೆ ಕೊಳ್ಳುತ್ತಾರೆ. ಒಪ್ಪಿಗೆಯ ಗುಂಡಿಯು ದೊಡ್ಡದಾಗಿಯೂ ನಿರಾಕರಣೆಯ ಗುಂಡಿಯು ಮಸುಕಾಗಿಯೂ ಇದ್ದರೆ ದೊಡ್ಡದನ್ನೇ ಒತ್ತುತ್ತಾರೆ. ತನ್ನ ಕೈಯಿಂದ ಒಂದು ಗುರುತನ್ನು ಒಂದು ಸ್ಥಾನದಲ್ಲಿ, ಒಂದು ಗಾತ್ರದಲ್ಲಿ, ಒಂದು ಬಣ್ಣದಲ್ಲಿ ಇಟ್ಟು ನೋಡಿದ ಬಾಲಿಕೆಗೆ ಮಾತ್ರ, ಇದನ್ನು ಯಾರೋ ಒಬ್ಬರು ಇಲ್ಲಿ ಇಟ್ಟಿದ್ದಾರೆ, ಯಾತಕ್ಕೆ ಇಟ್ಟಿರಬಹುದು ಎಂಬ ಪ್ರಶ್ನೆಯು ಸಹಜವಾಗಿ ಹುಟ್ಟುವುದು. ಮೊಬೈಲಿನ ದುಷ್ಪರಿಣಾಮಗಳ ಕುರಿತು ನಾವು ಎಷ್ಟು ಉಪದೇಶ ಮಾಡಿದರೂ ಹುಟ್ಟದ ಎಚ್ಚರವು ಈ ಒಂದು ಪ್ರಶ್ನೆಯಿಂದ ಹುಟ್ಟುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಲಾಭವಿದೆ. ದೃಷ್ಟಿ ಮಂದವಾದ ಬಾಲಿಕೆಯೊಬ್ಬಳು ಗುಂಪಿನಲ್ಲಿದ್ದರೆ, ಅವಳ ಪಾಲಿಗೆ ಪರದೆಯ ಸಣ್ಣ ಅಕ್ಷರವು ಮುಚ್ಚಿದ ಬಾಗಿಲಿನಂತೆ. ಗೆಳತಿಯು ಅಕ್ಷರವನ್ನೂ ಗುರುತುಗಳನ್ನೂ ಒಂದೂವರೆಯಷ್ಟು ದೊಡ್ಡದು ಮಾಡಿಕೊಟ್ಟರೆ ಆ ಬಾಗಿಲು ತೆರೆಯುವುದು. ಕೆಂಪು ಹಸುರುಗಳ ಭೇದವನ್ನು ಗುರುತಿಸಲಾರದ ಕಣ್ಣುಗಳೂ ಇರುತ್ತವೆ. ಅಂತಹವರಿಗೆ ಅಪಾಯವನ್ನು ಕೆಂಪಿನಿಂದಲೂ ಕ್ಷೇಮವನ್ನು ಹಸುರಿನಿಂದಲೂ ಸೂಚಿಸುವುದು ನಿಷ್ಪ್ರಯೋಜಕ. ಒಂದನ್ನು ನೀಲಿಗೆ ಬದಲಿಸಿದರೆ ಸಾಕು. ನೆರೆಯವರ ಕೊರತೆಯನ್ನು ತನ್ನ ಕೌಶಲದಿಂದ ತುಂಬುವುದು ನಮ್ಮ ಶಾಲೆಗಳು ಆದಿಯಿಂದಲೂ ಕಲಿಸಿಕೊಂಡು ಬಂದ ಧರ್ಮ. ಅದಕ್ಕೆ ಹೊಸದೊಂದು ಸಾಧನವು ದೊರಕಿದೆಯೆಂದು ತಿಳಿಯೋಣ.

ಇನ್ನು ಕನ್ನಡದ ಮಾತಿಗೆ ಬರೋಣ. ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಭಾಗವಿದು. ಲುವಾಂಟಿಯಲ್ಲಿ ಆಟದ ಮಾತುಗಳಿಗೆ ಬೇರೆಯೇ ಕಡತವಿರುತ್ತದೆ. ಒಂದೊಂದು ಸಾಲಿನಲ್ಲಿ ಎಡಗಡೆ ಮೂಲದ ಇಂಗ್ಲಿಷ್ ಮಾತು, ನಡುವೆ ಸಮಚಿಹ್ನೆ, ಬಲಗಡೆ ನಮ್ಮ ಭಾಷೆಯ ಮಾತು. ಎಡಗಡೆಯದನ್ನು ಮುಟ್ಟಬಾರದು, ಬಲಗಡೆಯದನ್ನು ತುಂಬಬೇಕು. ಕಲ್ಲು, ಮಣ್ಣು, ರೊಟ್ಟಿ, ದೀಪ ಎಂಬ ಬಿಡಿ ಶಬ್ದಗಳು ಬೇಗನೆ ಮುಗಿಯುವುವು. ಕಷ್ಟವು ವಾಕ್ಯಗಳಲ್ಲಿ ಆರಂಭವಾಗುವುದು. ಇಂತಹ ವಸ್ತುವನ್ನು ಇಂತಹವರಿಗೆ ಕೊಡಲಾಯಿತು ಎಂಬ ಸೂಚನೆಯಲ್ಲಿ ವಸ್ತುವಿನ ಹೆಸರಿಗೂ ವ್ಯಕ್ತಿಯ ಹೆಸರಿಗೂ ಸ್ಥಾನವನ್ನು ಮಾತ್ರ ಕಾದಿರಿಸಿರುತ್ತಾರೆ. ಹೆಸರು ಆಟದ ಹೊತ್ತಿಗೆ ತಾನಾಗಿ ಬಂದು ಕುಳಿತುಕೊಳ್ಳುವುದು. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ ಒಂದು ಅವ್ಯಯವನ್ನು ಇಟ್ಟರೆ ಸಾಕಾಗುವುದು. ಕನ್ನಡದಲ್ಲಿ ಚತುರ್ಥೀ ವಿಭಕ್ತಿಯು ಹೆಸರಿನ ಕೊನೆಯನ್ನು ನೋಡಿ ರೂಪ ತಾಳುತ್ತದೆ: ರಾಮನಿಗೆ, ಸೀತೆಗೆ, ಗುರುವಿಗೆ. ಮುಂದೆ ಬರುವ ಹೆಸರು ಯಾವುದೆಂದು ತಿಳಿಯದಿರುವಾಗ ಪ್ರತ್ಯಯವನ್ನು ಹೇಗೆ ಬರೆಯುವುದು?

ಈ ತೊಡಕಿನ ಮುಂದೆ ಕುಳಿತ ಬಾಲಿಕೆಯರು ವ್ಯಾಕರಣ ಪುಸ್ತಕವನ್ನು ತಾವಾಗಿಯೇ ತೆರೆದರು. ಬಹಳ ಆಲೋಚಿಸಿದ ಮೇಲೆ ಅವರಿಗೆ ಹೊಳೆದ ಉಪಾಯವು ನಮ್ಮ ಜಿಲ್ಲೆಯ ವರ್ತಮಾನಪತ್ರಗಳಲ್ಲಿ ದಿನಾಲೂ ಕಾಣುವಂತಹದು: ಹೆಸರನ್ನು ಇದ್ದಂತೆಯೇ ಬಿಟ್ಟು, ಅದರ ಮುಂದೆ ‘ಎಂಬವರಿಗೆ’ ಎಂದು ಬರೆಯುವುದು. ಹೆಸರು ಯಾವ ಸ್ವರದಲ್ಲಿ ಕೊನೆಗೊಂಡರೂ ವಾಕ್ಯ ಕೆಡುವುದಿಲ್ಲ. ಹೆಣ್ಣು ಗಂಡೆಂಬ ಭೇದವೂ ತೊಡಕಾಗುವುದಿಲ್ಲ. ವಿಭಕ್ತಿಯನ್ನು ಉರುಹೊಡೆಯುವವರಿಗೆ ಈ ಸಂತೋಷವು ಲಭಿಸದು. ಕನ್ನಡವು ಹಳೆಯದಾದ, ಪರೀಕ್ಷೆಗಾಗಿ ಮಾತ್ರ ಓದತಕ್ಕ ವಿಷಯವೆಂಬ ಭಾವನೆಯು ಇಂಗ್ಲಿಷ್ ಮಾಧ್ಯಮದ ಈ ಕಾಲದಲ್ಲಿ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತಿರುವಾಗ, ಹೊಸ ಯಂತ್ರದೊಳಗೆ ಕನ್ನಡವನ್ನು ಕೂಡಿಸುವ ಕೆಲಸಕ್ಕೆ ಬೆಲೆ ಕಟ್ಟಲಾಗದು.

ಆದರೆ ಕನ್ನಡವು ಅಲ್ಲಿ ಸುಲಭವಾಗಿ ಕೂರುವುದೂ ಇಲ್ಲವೆಂಬುದನ್ನು ಮರೆಮಾಚಬಾರದು. ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದ ಹಳೆಯ ಕ್ರಮದಲ್ಲಿ, ಯಂತ್ರವು ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತವನ್ನೇ ಇಟ್ಟುಕೊಂಡು ಹೊರಗೆ ಕನ್ನಡದ ಆಕಾರವನ್ನು ತೋರಿಸುತ್ತಿತ್ತು. ಅಂತಹ ಬರಹವನ್ನು ಆಟದ ಕಡತಕ್ಕೆ ತಂದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುವುದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತಕ್ರಮದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನವು ದೊರೆತಿತ್ತು. ಅದಕ್ಕೆ 128 ಸ್ಥಾನಗಳು ಮೀಸಲಾಗಿವೆ. ಈ ಕ್ರಮದಲ್ಲಿ ‘ಕ್ಷ’ ಎಂಬುದು ಒಂದು ಅಕ್ಷರವಲ್ಲ. ಕಕಾರ, ವಿರಾಮಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳ ಸಾಲು. ಆ ಮೂರನ್ನು ಒಂದಾಗಿ ಹೆಣೆದು ಒತ್ತಕ್ಷರವನ್ನು ಬರೆಯುವ ಕೆಲಸವು ಪರದೆಯ ಅಕ್ಷರಯಂತ್ರಕ್ಕೆ ಸೇರಿದ್ದು. ಆ ಹೆಣಿಗೆ ಬಾರದ ಆಟಗಳಲ್ಲಿ ಕಾರ್ಕಳದ ಅರ್ಕಾವೊತ್ತು ತನ್ನ ಸ್ಥಾನವನ್ನು ಬಿಟ್ಟು ಅಲೆಯುವುದು. ಅಕ್ಷರವೆಂಬ ಶಬ್ದವೇ ಬಿಡಿಬಿಡಿಯಾಗಿ ಒಡೆದು ತೋರುವುದು.

ನಾನು ಹೊಗಳಿದ ಲುವಾಂಟಿಯೂ ಈ ಕೊರತೆಯಿಂದ ಮುಕ್ತವಾಗಿರಲಿಲ್ಲ. ಅದರ ಮಾತುಗಳನ್ನು ಕನ್ನಡಕ್ಕೆ ತಿರುಗಿಸುವ ಕೆಲಸವನ್ನು ಸ್ವಯಂಸೇವಕರು ಆರಂಭಿಸಿ, ಅದರ ಕಡತವು ಮೂಲದಲ್ಲಿ ಸೇರಿತ್ತಾದರೂ, ಅರಬ್ಬಿ, ಹೀಬ್ರೂ, ಹಿಂದಿ, ಥಾಯಿ ಮೊದಲಾದ ಭಾಷೆಗಳೊಂದಿಗೆ ಕನ್ನಡವನ್ನೂ ನಿರ್ಮಾಪಕರು ಬಹುಕಾಲ ಭಾಷೆಗಳ ಆಯ್ಕೆಯ ಪಟ್ಟಿಯಿಂದ ಹೊರಗಿಟ್ಟಿದ್ದರು. ಇದು ದ್ವೇಷದಿಂದ ಮಾಡಿದುದಲ್ಲ. ಅಕ್ಷರಗಳನ್ನು ಸರಿಯಾಗಿ ಜೋಡಿಸಿ ಬರೆಯುವ ಶಕ್ತಿಯು ಆ ಯಂತ್ರಕ್ಕೆ ಇಲ್ಲದುದರಿಂದ ಹೀಗೆ ಮಾಡಬೇಕಾಯಿತು. ನಮ್ಮ ಭಾಷೆಯು ಮನೆಯೊಳಗೆ ಬಂದೂ ಪಂಕ್ತಿಯಲ್ಲಿ ಕುಳಿತುಕೊಳ್ಳಲಾರದೆ ನಿಂತಂತಾಯಿತು. ಇದನ್ನು ಸರಿಪಡಿಸುವವರು ಯಾರು? ಫಿನ್ಲೆಂಡಿನವರೂ ಬ್ರೆಜಿಲಿನವರೂ ಕನ್ನಡದ ಒತ್ತಕ್ಷರದ ಚಿಂತೆಯನ್ನು ನಮಗಿಂತ ಹೆಚ್ಚಾಗಿ ಮಾಡುವರೆಂದು ನಿರೀಕ್ಷಿಸಬಹುದೇ? ಇಂದು 16ನ್ನು 24 ಮಾಡಿ ಹಿಗ್ಗುವ ಬಾಲಿಕೆಯರಲ್ಲಿ ಒಬ್ಬಳು ನಾಳೆ ಈ ಕೆಲಸಕ್ಕೆ ಕೈ ಹಾಕುವಳೆಂಬುದೇ ನನ್ನ ಆಶೆ.

ಇಂತಹ ಆಶೆಯು ನಮ್ಮ ಕರಾವಳಿಗೆ ಹೊಸದಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಹರ್ಮನ್ ಮೊಗ್ಲಿಂಗ್ ಸಾಹೇಬರು 1843ರ ಜುಲೈ ತಿಂಗಳಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊತ್ತಮೊದಲನೆಯ ವರ್ತಮಾನಪತ್ರವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು: ಕೈಯಿಂದ ಬರೆದುದನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚೊತ್ತುವ ಕ್ರಮವದು. 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಾಳಿದ ಮೇಲೆ ಅದು ಅಚ್ಚುಮೊಳೆಗಳಿಂದ ಮುದ್ರಿತವಾಯಿತು. ಅಂದರೆ ಒತ್ತಕ್ಷರಗಳ ನಮ್ಮ ಲಿಪಿಯನ್ನು ಯಂತ್ರಕ್ಕೆ ಹೊಂದಿಸುವ ಪ್ರಯಾಸವನ್ನು ಅಂದಿನವರೂ ಪಟ್ಟರು. ಅವರು ಲಿಪಿಯನ್ನು ಬಿಡಲಿಲ್ಲ, ಯಂತ್ರವನ್ನು ತಿದ್ದಿದರು. ಆ ಪ್ರಯಾಸದ ಫಲವಾಗಿಯೇ 1894ರಲ್ಲಿ ಫರ್ಡಿನಂಡ್ ಕಿಟ್ಟೆಲ್ ಪಂಡಿತರ ಮಹಾ ನಿಘಂಟು ಮಂಗಳೂರಿನಲ್ಲಿ ಮುದ್ರಿತವಾಗಿ ಹೊರಬಂದಿತು.

ಗಣಕಯಂತ್ರದ ಕಾಲದಲ್ಲಿಯೂ ಈ ಪರಂಪರೆಯು ನಿಂತುಹೋಗಲಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾಗಿ, ಮುಂದೆ ಉಡುಪಿ ಮಣಿಪಾಲಗಳಿಗೆ ಸೇರಿದವರಾದ ಕೆ. ಪಿ. ರಾವ್ ಅವರು ಇಂಗ್ಲಿಷಿನ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಬರೆಯುವ ಸರಳವಾದ ಕ್ರಮವನ್ನು ಯೋಜಿಸಿದರು. ಕೆ ಎಂಬ ಕೀಲಿಯನ್ನು ಒತ್ತಿದರೆ ಅಲ್ಪಪ್ರಾಣವಾದ ಕಕಾರವು ಬರುವುದು. ದೊಡ್ಡಕ್ಷರದ ಕೀಲಿಯೊಡನೆ ಒತ್ತಿದರೆ ಮಹಾಪ್ರಾಣವಾದ ಖಕಾರವು ಬರುವುದು. ನಡುವೆ ಎಫ್ ಎಂಬುದನ್ನು ಒತ್ತಿದರೆ ಒತ್ತಕ್ಷರವಾಗುವುದು. ಕನ್ನಡ ವರ್ಣಮಾಲೆಯ ಶಾಸ್ತ್ರವನ್ನೇ ಕೀಲಿಮಣೆಗೆ ಇಳಿಸಿದ ಈ ಯುಕ್ತಿಯು, ಸರಕಾರವು ಮಾನ್ಯಮಾಡಿದ ಕೀಲಿಮಣೆಯ ವಿನ್ಯಾಸಕ್ಕೆ ಆಧಾರವಾಯಿತು. ತಾವು ನಿರ್ಮಿಸಿದ ತಂತ್ರಾಂಶಕ್ಕೆ ಅವರು ಸೇಡಿಯಾಪು ಕೃಷ್ಣ ಭಟ್ಟರ ಸ್ಮರಣಾರ್ಥವಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟರು. ಕಡತವನ್ನು ತಿದ್ದಲು ಕುಳಿತ ನಮ್ಮ ಬಾಲಿಕೆಯು ಒತ್ತುವ ಒಂದೊಂದು ಕೀಲಿಯ ಹಿಂದೆಯೂ ನಮ್ಮ ಊರಿನವರೊಬ್ಬರ ಆಲೋಚನೆಯಿದೆಯೆಂಬುದನ್ನು ಅವಳಿಗೆ ತಿಳಿಸುವುದು ನಮ್ಮ ಕರ್ತವ್ಯ.

ಇನ್ನು ಹೆತ್ತವರ ಆಕ್ಷೇಪಗಳನ್ನು ಒಂದೊಂದಾಗಿ ವಿಚಾರಿಸೋಣ.

ಆಟವೇ ಕೆಟ್ಟದೆಂಬವರಿಗೆ ನಾನು ಚೆನ್ನೆಮಣೆಯನ್ನು ಜ್ಞಾಪಿಸುತ್ತೇನೆ. ಆಟಿ ತಿಂಗಳ ಬಿಡದ ಮಳೆಯಲ್ಲಿ ನಮ್ಮ ಅಜ್ಜಿಯಂದಿರು ಹದಿನಾಲ್ಕು ಗುಳಿಗಳ ಆ ಮಣೆಯ ಮುಂದೆ ಕುಳಿತು ಕಾಯಿಗಳನ್ನು ಎಣಿಸಿ ಹಂಚುತ್ತಿದ್ದರು. ಅದರಿಂದ ಅವರು ಕೆಡಲಿಲ್ಲ; ಲೆಕ್ಕವನ್ನೂ ತಾಳ್ಮೆಯನ್ನೂ ಕಲಿತರು. ಒಂದೇ ಮಣೆಯ ಮೇಲೆ ಬೇರೆ ಬೇರೆ ನಿಯಮಗಳ ಆಟಗಳನ್ನು ಆಡುವ ರೂಢಿಯೂ ಇತ್ತು. ನಿಯಮವನ್ನು ತಾವೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯವು ಆಟದಲ್ಲಿ ಮೊದಲಿನಿಂದಲೂ ಇದ್ದುದೇ. ಆ ಸ್ವಾತಂತ್ರ್ಯವನ್ನು ಮಕ್ಕಳಿಂದ ಕಿತ್ತುಕೊಂಡು, ಕೊಟ್ಟುದನ್ನೇ ಆಡಿರಿ ಎಂದದ್ದು ಇತ್ತೀಚಿನ ವಾಣಿಜ್ಯ.

ಹಣದ ಆಟಗಳ ಭಯವು ನ್ಯಾಯವಾದುದೇ. ಅದರಿಂದ ಹಾಳಾದ ಕುಟುಂಬಗಳ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. 2025ರ ಆಗಸ್ಟ್ ತಿಂಗಳಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಶಿಕ್ಷಣದ ಉದ್ದೇಶವುಳ್ಳ ಆಟಗಳನ್ನು ಬೇರೆಯಾಗಿ ಪರಿಗಣಿಸಿದೆ. ನಮ್ಮ ಶಾಲೆಯ ಯಂತ್ರಗಳಲ್ಲಿ ಹಣದ ವ್ಯವಹಾರವಿಲ್ಲ, ಜಾಹೀರಾತಿಲ್ಲ, ಅಪರಿಚಿತರೊಡನೆ ಸಂಭಾಷಣೆಯೂ ಇಲ್ಲ. ಆ ಒಂದು ತಾಸಿನ ಮಟ್ಟಿಗೆ ಅಂತರ್ಜಾಲದ ತಂತಿಯನ್ನೇ ಕಳಚಿ ಇಡಲಾಗುತ್ತದೆ.

ತಿದ್ದುವುದನ್ನು ಕಲಿತವರು ಮೋಸವನ್ನೂ ಕಲಿಯುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಪ್ರಶ್ನೆಯು ಯೋಗ್ಯವಾದುದು. ತನ್ನ ಪರದೆಯ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವುದು ಕನ್ನಡಕ ಹಾಕಿಕೊಂಡಂತೆ. ಇತರರಿಗೆ ಕಾಣದಂತೆ ಅವರ ಕೈಯ ಗುಟ್ಟನ್ನು ನೋಡುವಂತೆ ತಿದ್ದಿಕೊಳ್ಳುವುದು ಪರೀಕ್ಷೆಯಲ್ಲಿ ನೆರೆಯವಳ ಕಾಗದವನ್ನು ಇಣಿಕಿದಂತೆ. ಮೊದಲನೆಯದಕ್ಕೆ ಅಪ್ಪಣೆಯುಂಟು, ಎರಡನೆಯದಕ್ಕೆ ಇಲ್ಲ. ಕೆಲವು ಆಟಗಳ ಒಡೆಯರು ಯಾವ ತಿದ್ದುಪಡಿಗೂ ಅನುಮತಿ ಕೊಡುವುದಿಲ್ಲ. ಅಲ್ಲಿ ಅವರ ನಿಯಮವನ್ನು ಓದಿ ಗೌರವಿಸತಕ್ಕದ್ದು. ಸಾಮರ್ಥ್ಯವು ಕೈಗೆ ಬಂದಾಗಲೇ ಅದರ ಮೇರೆಯನ್ನೂ ಕಲಿಸುವುದು ಸುಲಭ. ಬಾಗಿಲಿಗೆ ಬೀಗ ಹಾಕಿ ಕಲಿಸಿದ ಪ್ರಾಮಾಣಿಕತೆಯು ಬಾಗಿಲು ತೆರೆದ ದಿನ ಉಳಿಯುವುದಿಲ್ಲ.

ಹತ್ತನೆಯ ತರಗತಿಯ ಪರೀಕ್ಷೆಗೆ ಇದರಿಂದ ಏನು ಬರುವುದೆಂಬುದು ಇನ್ನೊಂದು ಪ್ರಶ್ನೆ. ನೇರವಾಗಿ ಒಂದು ಅಂಕವೂ ಬಾರದು. ಆ ಕಾರಣದಿಂದಲೇ ಒಂಬತ್ತನೆಯ ತರಗತಿಗೆ ಮಾತ್ರ, ವಾರಕ್ಕೆ ಒಂದೇ ತಾಸು ಎಂದು ಮಿತಿಗೊಳಿಸಿದ್ದೇವೆ. ಮನೆಯಲ್ಲಿ ರಾತ್ರಿ ಕುಳಿತು ಇದನ್ನು ಮುಂದುವರಿಸಲು ನಮ್ಮ ಅಪ್ಪಣೆಯಿಲ್ಲ.

ಕೊನೆಯದಾಗಿ, ಹೆಣ್ಣುಮಕ್ಕಳಿಗೆ ಇದೇಕೆ ಎಂಬ ಮಾತು. ಬಾಯಿಬಿಟ್ಟು ಹೇಳುವವರು ಈಗ ಕಡಿಮೆಯಾದರೂ, ಮನೆಯ ಗಣಕಯಂತ್ರವು ಅಣ್ಣನ ಮೇಜಿನ ಮೇಲಿರುವುದು, ಅದು ಕೆಟ್ಟರೆ ಅಣ್ಣನೇ ಬಿಚ್ಚುವುದು, ತಂಗಿಯು ಅವನು ಎದ್ದ ಮೇಲೆ ಪಾಠದ ವಿಡಿಯೊ ನೋಡುವುದು ಎಂಬ ಏರ್ಪಾಡು ಎಷ್ಟು ಮನೆಗಳಲ್ಲಿ ಇಂದಿಗೂ ನಡೆಯುತ್ತಿಲ್ಲ? ಯಾರು ಬಿಚ್ಚಿದರೋ ಅವರಿಗೆ ಅದು ತಿಳಿಯುವುದು. ಯಾರು ನೋಡಿದರೋ ಅವರಿಗೆ ಅದು ಕಾಣುವುದು ಮಾತ್ರ. ಹೆಣ್ಣುಮಕ್ಕಳು ಅಕ್ಷರ ಕಲಿತರೆ ಮನೆ ಕೆಡುವುದೆಂದು ಹೇಳುತ್ತಿದ್ದ ಕಾಲದಲ್ಲಿ ಮಿಶನಿನವರು ಈ ಜಿಲ್ಲೆಯಲ್ಲಿ ಬಾಲಿಕಾ ಪಾಠಶಾಲೆಗಳನ್ನು ತೆರೆದರು. ಆ ಧೈರ್ಯದ ಫಲವನ್ನು ಈ ಸಂಚಿಕೆಯನ್ನು ಓದುತ್ತಿರುವ ನಾವೆಲ್ಲರೂ ಉಂಡಿದ್ದೇವೆ. ತನಗೆ ದೊರೆತ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಮ್ಮ ಪ್ರಾರ್ಥನಾ ಮಂದಿರದಲ್ಲಿ ಕೇಳಿದ ನಾವು, ಮಗಳ ತಲಾಂತನ್ನು ಭಯದಿಂದ ಹೂತಿಡುವವರಾಗಬಾರದು.

ಈಗ ನನ್ನ ವಿನಂತಿಗಳು. ಹೆತ್ತವರೇ, ಶನಿವಾರದ ಆ ತಾಸಿಗೆ ಒಮ್ಮೆ ತಾವೇ ಆದಿ ಉಡುಪಿಗೆ ಬಂದು ಮಗಳ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವಳು ಮಾಡಿದುದನ್ನು ಅವಳ ಬಾಯಿಂದಲೇ ಕೇಳಿರಿ. ಅನಂತರವೂ ತಮ್ಮ ಮನಸ್ಸು ಒಪ್ಪದಿದ್ದರೆ ಮಗಳನ್ನು ಆ ತಾಸಿನಿಂದ ಬಿಡಿಸಿಕೊಳ್ಳಲು ತಮಗೆ ಪೂರ್ಣ ಅಧಿಕಾರವಿದೆ. ಹಳೆ ವಿದ್ಯಾರ್ಥಿನಿಯರೇ, ತಮ್ಮಲ್ಲಿ ಮಣಿಪಾಲದಲ್ಲಿಯೂ ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಗಣಕದ ಉದ್ಯೋಗದಲ್ಲಿರುವವರು ಅನೇಕರಿದ್ದೀರಿ. ತಾವು ಬಿಟ್ಟುಬಿಟ್ಟ ಹಳೆಯ ಲ್ಯಾಪ್‌ಟಾಪು ನಮ್ಮ ಇಬ್ಬರು ಬಾಲಿಕೆಯರಿಗೆ ಸಾಕಾಗುವುದು. ಅದಕ್ಕಿಂತಲೂ ಮಿಗಿಲಾಗಿ, ರಜೆಯಲ್ಲಿ ಊರಿಗೆ ಬಂದಾಗ ಒಂದು ಶನಿವಾರವನ್ನು ನಮಗೆ ಕೊಡಿರಿ. ಒಡೆದು ತೋರುವ ನಮ್ಮ ಒತ್ತಕ್ಷರಗಳನ್ನು ಒಂದುಗೂಡಿಸುವ ದಾರಿಯನ್ನು ಬಲ್ಲವರು ತಮ್ಮಲ್ಲಿ ಒಬ್ಬರಾದರೂ ಇರಲೇಬೇಕು. ಅಂತಹವರು ಮುಂದೆ ಬಂದರೆ, ಬರುವ ವರ್ಷದ ಬಾಲಿಕೆಯರು ಆಟದ ಪರದೆಯ ಮೇಲೆ ತಮ್ಮ ಊರಿನ ಹೆಸರನ್ನೂ ನೆರೆಯೂರಾದ ಕಾರ್ಕಳದ ಹೆಸರನ್ನೂ ತಪ್ಪಿಲ್ಲದೆ ಬರೆಯುವರು.

ದೇವರು ನಮ್ಮ ಮಕ್ಕಳ ಕೈಕೆಲಸವನ್ನು ಆಶೀರ್ವದಿಸಲಿ.

— ಮುಖ್ಯೋಪಾಧ್ಯಾಯಿನಿ